ಸುಖಾಗಮನ ಬಯಸುವವರು

ಹೊಳೆಗಳಿಗೆ ಮಾತು ಬಂದ ಮೇಲೆ ಹೊಸದೊಂದು ಪದ್ಧತಿ ಬೆಳೆದಿತ್ತು. ಪ್ರವಾಹದಲ್ಲಿ ತೇಲಿ ಬಂದು ಬದುಕಿದ ಕೂಸಿಗೆ ಹೊಳೆಯೇ ತಾಯಿ. ಅದರ ಮದುವೆಯ ಕಾಗದದಲ್ಲಿ ‘ಸುಖಾಗಮನ ಬಯಸುವವರು’ ಎಂಬಲ್ಲಿ ಹೊಳೆಯ ಹೆಸರೇ ಮೊದಲು ಬರಬೇಕು.

ಗುರುಸಿದ್ದಪ್ಪನವರು ಸಾಕಿದ ಚಂಪಾ ವರದಾ ಹೊಳೆ ಕೊಟ್ಟ ಕೂಸು. ಅದೇ ಪ್ರವಾಹದಲ್ಲಿ ಅವರ ಹೆಂಡತಿ ನೀಲಮ್ಮ ಕೊಚ್ಚಿಹೋಗಿದ್ದರು. ಅಂದಿನಿಂದ ಅವರು ಹೊಳೆಯೊಡನೆ ಮಾತು ಬಿಟ್ಟಿದ್ದರು. ಸ್ನಾನಕ್ಕೂ ಪೂಜೆಗೂ ಬಾವಿಯ ನೀರೇ. ಈಗ ಹೊಳೆಯನ್ನು ಕೇಳದೆ ಚಂಪಾಳ ಮದುವೆಯ ಕಾಗದ ಅಚ್ಚಾಗುವಂತಿರಲಿಲ್ಲ.

ಬೆಳಗ್ಗೆ ಹೊಳೆಯ ಮೆಟ್ಟಿಲಿಳಿದು ನಿಂತರು.

“ಇಷ್ಟು ವರ್ಷಕ್ಕ ದಾರಿ ನೆನಪಾತೇನು, ತಮ್ಮಾ?” ಎಂದಳು ವರದೆ.

“ಹುಡುಗಿ ಲಗ್ನ ಐತಿ. ನಿನ್ನ ಹೆಸರ ಹ್ಯಾಂಗ ಬರಸ್ಲಿ ಹೇಳು, ಹೋಗ್ತೀನಿ,” ಎಂದರು, ತಲೆ ಎತ್ತದೆ.

“ನನ್ನ ಹೆಸರ ಬ್ಯಾಡ.”

“ಪದ್ಧತಿ ಐತಲ್ಲ.”

“ಕೂಸು ತಾನಾಗೇ ತೇಲಿ ಬರಲಿಲ್ಲೋ. ನಿನ್ನ ಹೇಣ್ತಿ ಅದನ್ನ ಎರಡೂ ಕೈಲೆ ನೀರಿನ ಮ್ಯಾಲೆ ಎತ್ತಿ ಹಿಡಿದಿದ್ಲು. ಅದು ದಂಡಿ ಮುಟ್ಟೋತನಕ ಕೈ ಇಳಸಲಿಲ್ಲ. ನಾ ಒಯ್ದಾಕಿ, ಅಕಿ ಕೊಟ್ಟಾಕಿ. ತಾಯಿ ಅಂತ ಅಕಿ ಹೆಸರ ಬರಸು.”

ಗುರುಸಿದ್ದಪ್ಪನವರು ಕಾಲಿನ ಕೆರ ಬಿಟ್ಟರು. ನೀರಿಗಿಳಿದು, ಬಾಗಿ, ಎರಡೂ ಕೈಯಿಂದ ಹೊಳೆಯನ್ನು ಮುಟ್ಟಿದರು. ನಮಸ್ಕಾರ ವರದೆಗೆ ಹೋಯಿತೋ ನೀಲಮ್ಮನಿಗೋ, ಅವರಿಗೇ ತಿಳಿಯಲಿಲ್ಲ.

ತಲೆ ಎತ್ತಿ ಹೊಳೆಯನ್ನು ನೋಡಿದರು.

“ಹಂಗಾರ ನಿನ್ನ ಕರಿಯೋದು ನಮ್ಮ ಕೆಲಸ ಆತು. ನಾನೂ ನೀಲವ್ವನೂ ಕರೀತೀವಿ. ಲಗ್ನಕ್ಕ ಬಾ, ಅವ್ವಾ.”