ಕೆಳಗಿನ ಮಣ್ಣು

ಕಾಗವಾಡದ ಬಸದಿಯಿಂದ ಫೋನು ಬಂದಾಗ ಏಪ್ರಿಲ್ ಬಿಸಿಲು ನೆತ್ತಿಯ ಮೇಲಿತ್ತು. ಅಲ್ಲಿ ಸಲ್ಲೇಖನ ವ್ರತ ಹಿಡಿದು ಅನ್ನ ನೀರು ಬಿಟ್ಟಿದ್ದ ಹಿರಿಯ ಜೈನ ಸನ್ಯಾಸಿನಿ ಸಂಜೆ ಕಾಣುವುದು ಅನುಮಾನವಂತೆ. ರೈತ ಬಾಹುಬಲಿಯ ತೋಟದ ಮನೆಯಲ್ಲಿ ತಂಗಿದ್ದ ಅವರ ಶಿಷ್ಯೆ ಮಾತಾಜಿ ಸುದ್ದಿ ಕೇಳಿದ್ದೇ, ದಾರಿಯ ಹುಳು ಸರಿಸುವ ನವಿಲುಗರಿಯ ಪಿಂಛಿ ಹಿಡಿದು ಎದ್ದರು. ತಮ್ಮನ್ನು ಸನ್ಯಾಸದ ದಾರಿಗೆ ಕರೆತಂದ ಹಿರಿಯರ ಮುಖವನ್ನು ಅವರು ಕೊನೆಯ ಸಲ ನೋಡಬೇಕಿತ್ತು.

"ಸಂಜಿ ಮುಂದ ಹೋಗೂಣ್ರಿ ಮಾತಾಜಿ. ಡಾಂಬರ ಕರಗಾಕತ್ತೈತಿ," ಎಂದ ಬಾಹುಬಲಿ.

"ಸಂಜಿತನಕ ಅವರು ಕಾಯಬೇಕಲ್ಲಪ್ಪಾ?"

ಮಾತಾಜಿ ವಾಹನ ಹತ್ತುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. ರಸ್ತೆಗೆ ಟ್ಯಾಂಕರ್ ನೀರು ಹೊಡೆಸುತ್ತೇನೆಂದ ಬಾಹುಬಲಿ. ನೀರಿನಲ್ಲೂ ಜೀವವಿದೆ ಎಂದರು. ಕಾಲುವೆ ದಂಡೆಯ ಹುಲ್ಲಿನ ಮೇಲೆ ಹೋಗೋಣವೆಂದ. ಹಸಿರು ತುಳಿಯಲಾರೆ ಎಂದರು. ಗೋಣಿತಟ್ಟು ಹಾಸುವ ಮಾತೆತ್ತಿದಾಗಲಂತೂ, "ನನ್ನ ಸಲುವಾಗಿ ಅಂತ ಏನೂ ಮಾಡಬ್ಯಾಡ್ರಿ. ಹಂಗ ಮಾಡಿದ್ದು ನನಗ ನಡಿಯೂದಿಲ್ಲ," ಎಂದು ಬಾಯಿ ಮುಚ್ಚಿಸಿದರು. ಉಳಿದದ್ದು ಹೊಲಗಳ ನಡುವಿನ ಗಾಡಿದಾರಿಯೊಂದೇ. ಅದರ ತುಂಬ ಕಾದ ಹಂಚಿನಂಥ ಧೂಳು.

ಬಾಹುಬಲಿಯ ಅಣ್ಣನ ಮಗಳು ಮಯೂರಿ ಚಪ್ಪಲಿ ಕಳಚಿಟ್ಟು, ಮಾತಾಜಿಯ ಕಮಂಡಲು ಎತ್ತಿಕೊಂಡು ಮುಂದೆ ಹೊರಟಳು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿ. ಹತ್ತು ಸಲ ಕೇಳಿದರೆ ಒಂದು ಸಲ ಬಾಯಿ ತೆರೆಯುವವಳು. ಆದರೆ ಹೊಲದಲ್ಲಿ ಕಳೆ ಕೀಳುತ್ತ ಅವಳ ಪಾದಗಳು ಒಂದು ಸಂಗತಿ ಕಲಿತಿದ್ದವು. ಡಾಂಬರು ಬಿಸಿಲನ್ನು ಒಳಗೆಲ್ಲ ತುಂಬಿಕೊಳ್ಳುತ್ತದೆ. ಸಡಿಲ ಮಣ್ಣು ಹಾಗಲ್ಲ, ಅದನ್ನು ಮೇಲೆಯೇ ತಡೆದು ನಿಲ್ಲಿಸುತ್ತದೆ. ಮಧ್ಯಾಹ್ನದ ಕಾವು ಒಂದು ಗೇಣು ಇಳಿಯುವಷ್ಟರಲ್ಲಿ ಮೇಲೆ ಹೊತ್ತು ಮುಳುಗಿರುತ್ತದೆ. ಧೂಳು ಎಷ್ಟೇ ಸುಡಲಿ, ನಾಲ್ಕು ಬೆರಳು ಕೆಳಗೆ ಬೆಳಗಿನ ತಂಪು ಇನ್ನೂ ಉಳಿದಿರುತ್ತದೆ.

ಮಯೂರಿ ಪಾದ ಎತ್ತಲಿಲ್ಲ. ಹಿಮ್ಮಡಿ ಒತ್ತಿ, ಮೇಲಿನ ಧೂಳನ್ನು ಎರಡೂ ಬದಿಗೆ ಸರಿಸುತ್ತ, ಕಾಲೆಳೆದುಕೊಂಡು ನಡೆದಳು. ಅವಳ ಹಿಂದೆ ಕಪ್ಪು ಮಣ್ಣಿನ ಸಣ್ಣ ಸಾಲು ಬಿಚ್ಚಿಕೊಳ್ಳುತ್ತ ಹೋಯಿತು. ಮಾತಾಜಿ ಅದರಲ್ಲೇ ಹೆಜ್ಜೆ ಇಟ್ಟರು.

"ಏನ ನಡಿಗಿ ಬೇ ಇದು!" ಹಿಂದಿನಿಂದ ಬಾಹುಬಲಿ ಕೂಗಿದ. "ಕಾಲ ಎತ್ತಿ ಇಡ. ಮುದಿ ಎತ್ತಿನಂಗ ಎಳಕೋತ ಹೊಂಟಾಳ ನೋಡ್ರಿ!"

ಮಯೂರಿ ತಿರುಗಲಿಲ್ಲ. ಹಲ್ಲು ಕಚ್ಚಿ ಎಳೆದಳು.

ಅರ್ಧ ದಾರಿಯಲ್ಲಿ ಮಾತಾಜಿ ಕೇಳಿದರು, "ಮಗಳ, ಇದು ನನ್ನ ಸಲುವಾಗೇನು?"

ಹೌದೆಂದರೆ ಅವರು ಸಾಲು ಬಿಟ್ಟು ಬಿಸಿ ಧೂಳಿಗಿಳಿಯುತ್ತಾರೆ. ಅಲ್ಲವೆಂದರೆ ಸುಳ್ಳಾಗುತ್ತದೆ. ಮಯೂರಿ, "ಕೆಳಗ ತಂಪೈತ್ರಿ," ಎಂದಷ್ಟೇ ಅಂದಳು.

"ಅದು ನನಗ ಗೊತ್ತಾತು. ನಿನ್ನ ಹಿಮ್ಮಡಿ ತೋರಸು."

ಮಯೂರಿ ತೋರಿಸಲಿಲ್ಲ. ಮಾತಾಜಿಯೇ ಬಾಗಿ ನೋಡಿದರು. ಕೆಂಪು ಬೊಬ್ಬೆ ಎದ್ದು, ಒಂದು ಒಡೆದು ಮಣ್ಣು ಮೆತ್ತಿಕೊಂಡಿತ್ತು.

"ಇನ್ನ ಮುಂದ ನಾ ನಡೀತೀನಿ," ಎಂದರು ಮಾತಾಜಿ.

"ಬ್ಯಾಡ್ರಿ. ಕಾಲ ಸುಡತಾವ."

"ಯಾರ ಕಾಲ?"

ಮಯೂರಿ ಅಡ್ಡ ನಿಂತಳು. ಜನ್ಮದಲ್ಲಿ ಹಿರಿಯರಿಗೆ ಎದುರು ಮಾತಾಡದವಳು ಈಗ ಮಾತಾಡಿದಳು. "ಹಿಂಗ ನಿಂತರ ಹೊತ್ತ ಹೋಗತೈತ್ರಿ ಮಾತಾಜಿ. ಅವರು ಸಿಗೂದಿಲ್ಲ."

"ಅದಕ್ಕ ದಾರಿ ಬಿಡು. ನೀ ಹಿಂದ ಬರಲಿಲ್ಲಂದ್ರ ನಾ ಇಲ್ಲೇ ಕೂಡತೀನಿ."

ಬಾಹುಬಲಿ ಫೋನು ಕಿವಿಗೆ ಹಿಡಿದು ಓಡುತ್ತ ಬಂದ. "ಇನ್ನೂ ಉಸುರ ಐತಂತ್ರಿ! ಬಾಗಿಲ ಕಡೆ ನೋಡಾಕತ್ತಾರಂತ. ಯಾಕ ನಿಂತೀರಿ, ನಡೀರಿ!"

ಮಯೂರಿ ಪಕ್ಕಕ್ಕೆ ಸರಿದಳು.

ಮಾತಾಜಿ ಪಿಂಛಿಯಿಂದ ಎದುರಿನ ನೆಲವನ್ನು ಮೆಲ್ಲಗೆ ಸವರಿದರು. ಬಿಳಿ ಸೀರೆಯ ಅಂಚು ತುಸು ಎತ್ತಿ ಹಿಡಿದು, ಹಿಮ್ಮಡಿ ಒತ್ತಿ, ಮಣ್ಣು ಸರಿಸುತ್ತ ಬಿರಬಿರನೆ ನಡೆದರು. ಬಸದಿಯ ಶಿಖರ ಕಬ್ಬಿನ ಗರಿಗಳ ಮೇಲೆ ಕಾಣಿಸಿತು. ಮಯೂರಿ ಅವರು ಬಿಚ್ಚಿದ ಸಾಲಿನಲ್ಲಿ ಮೊದಲ ಹೆಜ್ಜೆ ಇಟ್ಟಳು. ತಂಪಾಗಿತ್ತು. ಅಷ್ಟು ಹೊತ್ತು ಸುಟ್ಟರೂ ಹನಿಯದ ಅವಳ ಕಣ್ಣು ಆಗ ತುಂಬಿ ಬಂದು, ಎರಡನೆಯ ಹೆಜ್ಜೆ ಎಲ್ಲಿಡಬೇಕೋ ಕಾಣದಾಯಿತು.