ಏಳು ಸಿನಿಮಾದ ಸಾಧನೆ

ಗುರುಶಾಂತಪ್ಪ ಯಾವ ಸ್ಟಾರ್‌ನ ಹಂಗೂ ಇಲ್ಲದೆ ಏಳು ಸಿನಿಮಾ ತೆಗೆದ. ಏಳೂ ಮಕಾಡೆ ಮಲಗಿದವು. ತೆರೆಯ ಮೇಲೆ ನಿನ್ನ ಹೆಸರು ಬಂದರೆ ಕೇಡು ಎಂದು ಜ್ಯೋತಿಷಿ ಹೆದರಿಸಿದ್ದರಿಂದ ಏಳಕ್ಕೂ ನಿರ್ಮಾಪಕಿ ಎಂದು ಹೆಂಡತಿ ನೀಲಾಂಬಿಕೆಯ ಹೆಸರನ್ನೇ ಹಾಕಿಸಿದ್ದ. ಆಕೆ ಒಂದನ್ನೂ ಪೂರ್ತಿ ನೋಡಿರಲಿಲ್ಲ.

ಸ್ಟಾರ್ ಇಲ್ಲದೆ ಏಳು ಸಿನಿಮಾ ತೆಗೆದ ಸಾಧನೆಗೆಂದು ಪ್ರಶಸ್ತಿ ಸಮಿತಿಯೊಂದರವರು ಶಾಲು, ಹಾರ ಹಿಡಿದು ಮನೆಗೇ ಬಂದರು. ಈ ಮರ್ಯಾದೆ ಸಿಕ್ಕರೆ ಎಂಟನೆಯ ಸಿನಿಮಾಕ್ಕೆ ಯಾರಾದರೂ ಕೈಜೋಡಿಸಿಯಾರು ಎಂದುಕೊಂಡು ಗುರುಶಾಂತಪ್ಪ ಹೊಸ ಜುಬ್ಬ ತೊಟ್ಟು, ಹಾರಕ್ಕೆ ಕತ್ತು ಬಗ್ಗಿಸಿ ನಿಂತ.

"ಸ್ವಲ್ಪ ಸರೀರಿ ಯಜಮಾನ್ರೇ, ಮೇಡಂ ಬರ್ಲಿ," ಎಂದರು ಸಮಿತಿಯ ಅಧ್ಯಕ್ಷರು. "ದಾಖಲೇಲಿ ಇರೋದು ಅವ್ರ ಹೆಸರು."

"ಅದು ಹೆಸರಿಗಷ್ಟೇ ಸ್ವಾಮಿ. ಒದ್ದಾಡಿದ್ದೆಲ್ಲ ನಾನು."

"ಎಲ್ಲಾ ಗಂಡಂದಿರೂ ಹಂಗೇ ಅಂತಾರೆ."

ದೋಸೆ ಹಂಚು ಇಳಿಸಿ ಬಂದ ನೀಲಾಂಬಿಕೆಯ ಕೊರಳಿಗೆ ಹಾರ, ಹೆಗಲಿಗೆ ಶಾಲು ಬಿತ್ತು. ಜೊತೆಗೆ ಬಂದಿದ್ದ ಪತ್ರಕರ್ತ ಮೈಕು ಚಾಚಿದ.

"ಮೇಡಂ, ಎಂಟನೇ ಸಿನಿಮಾ ಯಾವಾಗ?"

"ಶ್ರಾವಣದಲ್ಲಿ ಮುಹೂರ್ತ ಅನ್ನು ಕಣೇ," ಎಂದು ಗುರುಶಾಂತಪ್ಪ ಹಿಂದಿನಿಂದ ಪಿಸುಗುಟ್ಟಿದ.

ಆಕೆ ಶಾಲು ಸರಿಮಾಡಿಕೊಂಡು ಮೈಕಿನ ಹತ್ತಿರ ಬಾಗಿದಳು.

"ನಾನು ಸಿನಿಮಾ ತೆಗೆಯೋದು ಬಿಟ್ಟೆ, ಬರ್ಕೊಳಪ್ಪ."