ಹೆಸರಿನ ಮುಂದಿನ ಚುಕ್ಕಿ

"ಇದರಲ್ಲಿರೋದೆಲ್ಲ ನನ್ನದಕ್ಕೆ ಬರಬೇಕು. ಆಮೇಲೆ ಈ ಹಳೇದನ್ನ ಪೂರ್ತಿ ಒರೆಸಿಬಿಡಿ," ಎಂದ ಗಿರಾಕಿ, ಎರಡು ಲ್ಯಾಪ್‌ಟಾಪ್‌ಗಳನ್ನು ಕೌಂಟರಿನ ಮೇಲಿಟ್ಟ. ಬೆಳಿಗ್ಗೆ ಹನ್ನೊಂದು ಗಂಟೆ. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅವನ ಹಣೆ ಬೆವರುತ್ತಿತ್ತು. ಬೆರಳು ನಡುಗುತ್ತಿದ್ದವು.

ಬೀದಿಯವರೆಲ್ಲ ತಂತಿಯಕ್ಕ ಎಂದೇ ಕರೆಯುವ ರಿಪೇರಿ ಅಂಗಡಿಯೊಡತಿ ಹಳೆಯದನ್ನು ತೆರೆದಳು. ಅಂಚಿನಲ್ಲಿ ಹೂವಿನ ಸ್ಟಿಕ್ಕರ್.

"ಇದು ಯಾರದು ಸಾರ್?"

"ನಮ್ಮ ಮನೆಯವಳದು. ಅವಳಿಗೆ ಇನ್ಮೇಲೆ ಇದು ಬೇಕಾಗಲ್ಲ."

"ಅವರಿಗೆ ಗೊತ್ತಾ?"

"ಗೊತ್ತಾಗಬಾರದು," ಎಂದು ನಕ್ಕ. ಪಾಸ್‌ವರ್ಡ್ ಕೇಳಿದರೆ ಜೇಬಿನಿಂದ ಚೀಟಿ ತೆಗೆದ. "ವಾರಕ್ಕೊಂದು ಸಲ ಬದಲಾಯಿಸ್ತಾಳೆ ಪುಣ್ಯಾತ್ಗಿತ್ತಿ. ಹಿಂದೆ ನಿಂತು ನೋಡ್ಕೊಂಡೆ."

"ಈಗೆಲ್ಲಿದ್ದಾರೆ?"

"ಬೆಳಿಗ್ಗೆ ಎದ್ದು ತವರಿಗೆ ಹೋದಳು. ಫೋನ್ ಮಾಡಿದರೆ ಎತ್ತುತಾ ಇಲ್ಲ."

ತಂತಿಯಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಎದುರು ಮನೆಯ ಹೆಂಗಸೂ ಒಂದು ದಿನ ಹೀಗೇ 'ತವರಿಗೆ' ಹೋಗಿದ್ದಳು. ಗಂಡ ಹೇಳಿದ, ಬೀದಿ ನಂಬಿತು, ಅವಳು ಮರಳಲೇ ಇಲ್ಲ. ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲವಲ್ಲ ಎಂಬ ಸಂಕಟ ತಂತಿಯಕ್ಕನಿಗೆ ಇನ್ನೂ ಆರಿಲ್ಲ. ಈ ಸಲ ಸುಮ್ಮನಿದ್ದರೆ ತನ್ನ ಮುಖಕ್ಕೆ ತಾನೇ ಉಗಿಯಬೇಕು ಎಂದುಕೊಂಡಳು.

ಕೌಂಟರಿನ ಮರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಕೆಲಸಕ್ಕಿದ್ದ ಮೈದುನನಿಗೆ ಮೆಸೇಜ್ ಕಳಿಸಿದಳು: ಒಬ್ಬ ಹೆಂಡತಿಯ ಲ್ಯಾಪ್‌ಟಾಪ್ ಒರೆಸೋಕೆ ತಂದಿದಾನೆ. ಹೆಂಡತಿ ಪತ್ತೆ ಇಲ್ಲ. ಬೇಗ ಬಾ. ತಕ್ಷಣ ಉತ್ತರ ಬಂತು: ಒಂದು ಗಂಟೆ ಬೇಕು. ಕೂರಿಸ್ಕೊಂಡಿರಿ ಅತ್ತಿಗೆ.

ಕೂರಿಸಿಕೊಳ್ಳುವುದು ಕಷ್ಟವಾಗಲಿಲ್ಲ. "ಎರಡೂ ಬೇರೆ ಬೇರೆ ಜಾತಿ ಸಾರ್. ಇದರ ಡಿಸ್ಕು ಅದಕ್ಕೆ ಅರ್ಥ ಆಗಲ್ಲ. ಎರಡಕ್ಕೂ ಒಪ್ಪೋ ಡಿಸ್ಕ್ ಒಂದನ್ನ ಮಧ್ಯೆ ಇಟ್ಟು ಸಾಗಿಸಬೇಕು. ಹೊತ್ತಾಗತ್ತೆ."

"ಆಗಲಿ ಬಿಡಿ. ನಮ್ಮ ಮದುವೆನೂ ಹಾಗೇ. ಹದಿನಾರು ವರ್ಷ ಆಯ್ತು, ಅವಳ ಭಾಷೆ ನನಗಿನ್ನೂ ಬಂದಿಲ್ಲ," ಎಂದು ಸ್ಟೂಲಿನ ಮೇಲೆ ಕುಸಿದ. ಚೀಲದಿಂದ ಫ್ಲಾಸ್ಕ್ ತೆಗೆದ. "ಕಾಫಿ ತಗೊಳ್ಳಿ ಮೇಡಂ. ದಿನಾ ಇದೊಂದು ತಪ್ಪಿಸೋ ಹಾಗಿಲ್ಲ ಅಂತ ಮನೆಯಲ್ಲಿ ಆಜ್ಞೆ."

ಅಪರಿಚಿತರ ಕೈಯಲ್ಲಿ ಅವಳು ನೀರನ್ನೂ ಮುಟ್ಟುವವಳಲ್ಲ. ಆದರೆ ಕಾಫಿ ಮುಗಿಯುವ ತನಕ ಯಾರೂ ಎದ್ದು ಹೋಗುವುದಿಲ್ಲವಲ್ಲ. ಲೋಟ ಮುಂದೆ ಹಿಡಿದಳು. ಗಂಟಲಿಗೆ ಇಳಿಯದಷ್ಟು ಸಿಹಿ. ಅವನಿಗಿಂತ ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದಳು. ಹೊತ್ತು ಇನ್ನೂ ಉಳಿದಿತ್ತು. "ಬಲೇ ಚೆನ್ನಾಗಿದೆ ಸಾರ್," ಎಂದು ಇನ್ನರ್ಧ ಲೋಟ ಹಾಕಿಸಿಕೊಂಡಳು. ಉಳಿದದ್ದನ್ನು ಅವನೇ ಕುಡಿದು ಫ್ಲಾಸ್ಕ್ ಬರಿದು ಮಾಡಿದ.

ಫೈಲುಗಳು ಅವನ ಯಂತ್ರಕ್ಕೆ ಇಳಿದವು. ಫೋಟೊಗಳು, ಅಡುಗೆಯ ಟಿಪ್ಪಣಿಗಳು, ಹಳೆಯ ಪತ್ರಗಳು. ಎಲ್ಲಕ್ಕೂ ಮೇಲೆ, ಹಳೆಯ ಯಂತ್ರದಲ್ಲಿ ಅವಳ ಕಣ್ಣಿಗೆ ಬಿದ್ದಿರದ ಒಂದು ಫೋಲ್ಡರ್. ಹೆಸರಿನ ಮುಂದೊಂದು ಚುಕ್ಕಿ.

ಓಹೋ! ಹೆಂಡತಿಯ ಜಾತಿಯ ಯಂತ್ರದಲ್ಲಿ ಹೆಸರಿನ ಮುಂದೆ ಚುಕ್ಕಿಯಿಟ್ಟರೆ ಸಾಕು, ಫೋಲ್ಡರ್ ಮರೆಯಾಗುತ್ತದೆ. ಗಂಡನ ಜಾತಿಯದಕ್ಕೆ ಆ ಗುಟ್ಟು ತಿಳಿಯದು. ಅಲ್ಲಿ ಚುಕ್ಕಿ ಬರೀ ಚುಕ್ಕಿ. ಬಚ್ಚಿಟ್ಟವಳಿಗೆ ಇದು ಗೊತ್ತಿರಲಿಲ್ಲ.

ತಂತಿಯಕ್ಕನದೊಂದು ನೇಮವಿತ್ತು: ಮೂಟೆ ಹೊರುವವರು ಮೂಟೆ ಬಿಚ್ಚಬಾರದು. ಹನ್ನೆರಡು ವರ್ಷದಲ್ಲಿ ಒಬ್ಬ ಗಿರಾಕಿಯ ಫೈಲನ್ನೂ ಅವಳು ತೆರೆದಿರಲಿಲ್ಲ. ಇಂದು ತೆರೆದಳು.

ಒಳಗೆ ಒಂದೇ ಒಂದು ಪಟ್ಟಿ. ತಾರೀಖು, ಹನಿ, ತೂಕ. ಹನಿ ಎರಡು, ತೂಕ ಎಪ್ಪತ್ತೆಂಟು. ಹನಿ ಮೂರು, ತೂಕ ಎಪ್ಪತ್ತನಾಲ್ಕು. ಹನಿ ಐದು, ತೂಕ ಅರವತ್ತೆಂಟು. ಅಯ್ಯೋ ಪಾಪ, ಗಂಡ ತನಗೆ ಎಷ್ಟೆಷ್ಟು ವಿಷ ಹಾಕುತ್ತಿದ್ದಾನೆಂದು ಬರೆದಿಟ್ಟಿದ್ದಾಳೆ! ತಂತಿಯಕ್ಕನಿಗೆ ಅಳು ಒತ್ತರಿಸಿ ಬಂತು.

"ಮುಗೀತಾ ಮೇಡಂ?" ಅವನು ಕೌಂಟರ್ ಹಿಡಿದು ಎದ್ದ. "ಹೊಸದು ಕಾರಲ್ಲಿದೆ. ನಾಳೆ ಅವಳ ಹುಟ್ಟುಹಬ್ಬ. ನನ್ನದರ ಜಾತೀದೇ ತಗೊಂಡೆ. ಇನ್ನಾದರೂ ಇಬ್ಬರದೂ ಒಂದಾಗಲಿ ಅಂತ. ನನ್ನದರಿಂದ ಹಳೇ ಫೋಟೊ ಎಲ್ಲ ಅದಕ್ಕೆ ಹಾಕಿಕೊಟ್ಟರೆ ಕುಣಿದಾಡ್ತಾಳೆ."

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಚಿಕೆಯಿಂದ ತಂತಿಯಕ್ಕನ ಮುಖ ಬಿಸಿಯಾಯಿತು. ಹೆಂಡತಿ ಬದುಕಿದ್ದಾಳೆ. ಸದ್ಯ, ಬದುಕಿದ್ದಾಳೆ. ಅವಳಿಗೆ ನಗುವೇ ಬಂತು.

ಅವನು ಜಾರುತ್ತಿದ್ದ ಪ್ಯಾಂಟನ್ನು ಮೇಲೆಳೆದುಕೊಂಡ. ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತುಗಳು, ಒಂದರ ಪಕ್ಕ ಒಂದು. "ನಗಬೇಡಿ ಮೇಡಂ. ಎಪ್ಪತ್ತೆಂಟು ಇದ್ದೋನು ಅರವತ್ತೊಂದಕ್ಕೆ ಇಳಿದಿದೀನಿ. ಡಾಕ್ಟರಿಗೂ ತಿಳೀತಿಲ್ಲ."

ಅವಳ ನಗು ನಿಂತಿತು. ಮೈದುನ ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಪಕ್ಕದಲ್ಲಿ ಅವಳ ಲೋಟ, ತಳದಲ್ಲಿ ಕರಗದ ಸಕ್ಕರೆ. ಪಟ್ಟಿಯ ಕೊನೆಗೆ ಇಳಿದಳು. ಅಲ್ಲಿದ್ದದ್ದು ಇಂದಿನ ತಾರೀಖು.

'ಉಳಿದ ಹನಿಯೆಲ್ಲ ಫ್ಲಾಸ್ಕಿಗೆ. ಸಂಜೆಯವರೆಗೆ ಯಾರ ಫೋನೂ ಎತ್ತಬಾರದು.'